ಹರಾಜು ಕೂಗುವ ಮೊದಲು ಆ ಮನೆ ಬಾಗಿಲು ತಟ್ಟಿ

 

ನಾನು ಬಸರಾಳಿನವನು. ಮಂಡ್ಯದಿಂದ ಸುಮಾರು 25 ಕಿಲೋಮೀಟರ್. 1234ರಲ್ಲಿ ಕಟ್ಟಿದ ಹೊಯ್ಸಳರ ಮಲ್ಲಿಕಾರ್ಜುನ ದೇವಸ್ಥಾನ ನೋಡೋಕೆ ಬಂದಿದ್ದವರಿಗೆ ನಮ್ಮೂರು ಗೊತ್ತಿರುತ್ತೆ. ಹೊಟ್ಟೆಪಾಡು ಮಾತ್ರ ಮಂಡ್ಯದಲ್ಲಿ. ಇಪ್ಪತ್ತೆರಡು ವರ್ಷದಿಂದ ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರ, ಅಡಮಾನ, ಭೋಗ್ಯ, ಹಕ್ಕು ಖುಲಾಸೆ, ಹೀಗೆ ಜನರ ಮನೆ ಕಥೆಯನ್ನೆಲ್ಲ ಛಾಪಾ ಕಾಗದದ ಮೇಲೆ ಇಳಿಸೋ ಕೆಲಸ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆ ಆಯ್ತಲ್ಲ, ಅಲ್ಲಿಂದ ಈಚೆಗೆ ನನ್ನ ಹತ್ರ ಬರೋರ ಪ್ರಶ್ನೆಯೇ ಬದಲಾಗಿದೆ. ಮೊದಲು "ಪತ್ರಕ್ಕೆ ಎಷ್ಟಾಗುತ್ತೆ?" ಅಂತಿದ್ರು. ಈಗ "ಬ್ಯಾಂಕ್ ಹರಾಜಿಗೆ ಬಂದಿರೋ ಮನೆ, ಸೈಟು ಏನಾದ್ರೂ ಇದ್ರೆ ಹೇಳಿ ಸ್ವಾಮಿ, ಅರ್ಧ ರೇಟಿಗೆ ಸಿಗುತ್ತಂತೆ" ಅಂತಾರೆ. ಈ ಅರ್ಧ ರೇಟಿನ ಬಗ್ಗೆಯೇ ಇವತ್ತು ಮಾತಾಡೋಣ ಅಂತ ಬಂದಿದೀನಿ. ನಮ್ಮ ಮನೆಯಲ್ಲೇ ನಡೆದದ್ದನ್ನ ಹೇಳ್ತೀನಿ.

ಕಳೆದ ಕಾರ್ತಿಕದಲ್ಲಿ ನನ್ನ ಅಕ್ಕನ ಮಗ ಬೆಂಗಳೂರಿಂದ ಒಂದು ಫೋಟೋ ಕಳಿಸಿದ. ಪೇಪರಿನಲ್ಲಿ ಬಂದಿದ್ದ ಹರಾಜು ಪ್ರಕಟಣೆ. ನಮ್ಮೂರ ಪಕ್ಕದ ಹಳ್ಳಿ, ಮೂವತ್ತು–ನಲವತ್ತರ ಜಾಗದಲ್ಲಿ ಆರ್‌ಸಿಸಿ ಮನೆ. ಮೀಸಲು ಬೆಲೆ 16 ಲಕ್ಷ. ಕೆಳಗೆ ಬರೆದಿದ್ದ: "ಮಾವ, ಹೊರಗಡೆ ರೇಟು 24 ಇದೆಯಂತೆ. ಕೂತಲ್ಲೇ ಎಂಟು ಲಕ್ಷ ಲಾಭ. ನೋಡಿ ಹೇಳು."

ನನಗೆ ಅಭ್ಯಾಸ, ಮೊದಲು ಚಕ್ಕುಬಂದಿ ಓದ್ತೀನಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಹಿತ್ತಿಲು, ಉತ್ತರಕ್ಕೆ ಓಣಿ. ಓದ್ತಾ ಓದ್ತಾ ಎದೆ ಧಸಕ್ಕೆಂದಿತು. ಅದು ನನ್ನ ಜೊತೆ ಹೈಸ್ಕೂಲು ಓದಿದ ಗೆಳೆಯನ ಮನೆ. ಆಲೆಮನೆ ಇಟ್ಟಿದ್ದ. ಗಾಣಕ್ಕೆ, ಕೊಪ್ಪರಿಗೆಗೆ ಅಂತ ಮನೆ ಮೇಲೆ ಸಾಲ ತೆಗೆದಿದ್ದ. ಬೆಲ್ಲದ ರೇಟು ಬಿತ್ತು, ಹೆಂಡತಿಗೆ ಕಾಯಿಲೆ ಆಯ್ತು, ಕಂತು ನಿಂತಿತು. ಹೊರಗಿನವರಿಗೆ ಅದು 16 ಲಕ್ಷದ ಆಸ್ತಿ. ನನಗೆ ಅದು ಅವರವ್ವ ಮುದ್ದೆ ಬಡಿಸಿದ ಪಡಸಾಲೆ.

ಆ ಭಾನುವಾರ ಹೋದೆ. ಹೋಗುವಾಗ ತೀರ್ಮಾನ ಮಾಡಿಕೊಂಡೇ ಹೋಗಿದ್ದೆ, ಹುಡುಗನಿಗೆ ಬೇಡ ಅಂತ ಹೇಳಿಬಿಡೋದು ಅಂತ. ಗೆಳೆಯನ ಮನೆ ಹರಾಜಿನಲ್ಲಿ ನಾವು ಕೈ ಹಾಕೋದಾ?

ಬ್ಯಾಂಕಿನವರು ಗೋಡೆಗೆ ಅಂಟಿಸಿದ್ದ ನೋಟಿಸಿನ ಮೇಲೆ ಒಂದು ಕ್ಯಾಲೆಂಡರ್ ನೇತುಹಾಕಿದ್ರು, ಬಂದವರಿಗೆ ಕಾಣದಿರಲಿ ಅಂತ. ಅವನ ಹೆಂಡತಿ ಮಜ್ಜಿಗೆ ಕೊಟ್ಟು, ದೇವರ ಪಟದ ಹಿಂದಿನಿಂದ ಮೂರು ಲಕೋಟೆ ತಂದಿಟ್ಟರು. ಮೂರೂ ರಿಜಿಸ್ಟರ್ಡ್ ಪೋಸ್ಟು. ಮೂರನ್ನೂ ಒಡೆದಿರಲಿಲ್ಲ.

"ಯಾಕವ್ವ ತೆಗ್ದು ನೋಡ್ಲಿಲ್ಲ?" ಅಂದೆ.

"ಓದುದ್ರೆ ಊಟ ಸೇರಕಿಲ್ಲ ಕಣಣ್ಣ, ಅದ್ಕೆ ಮಡಗ್ಬುಟ್ಟೆ" ಅಂದರು.

ಸ್ವಲ್ಪ ಕಾನೂನು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸಾಲ ಮಾಡಿರೋರಿಗೂ, ಹರಾಜು ಕೂಗೋಕೆ ಹೊರಟಿರೋರಿಗೂ ಇದು ಬೇಕು. ಮನೆ ಅಡ ಇಟ್ಟು ತೆಗೆದ ಸಾಲದ ಕಂತು 90 ದಿನ ಬಾಕಿ ಬಿದ್ದರೆ ಬ್ಯಾಂಕು ಅದನ್ನ ವಸೂಲಾಗದ ಸಾಲ ಅಂತ ಗುರುತು ಹಾಕುತ್ತೆ. ಆಮೇಲೆ 2002ರ ಸರ್ಫೇಸಿ ಕಾಯ್ದೆ ಕೆಳಗೆ, ಕೋರ್ಟಿಗೆ ಹೋಗದೆಯೇ ಮನೆ ಮಾರಿ ವಸೂಲಿ ಮಾಡೋ ಅಧಿಕಾರ ಬ್ಯಾಂಕಿಗಿದೆ. ಮೊದಲ ಮೆಟ್ಟಿಲು 13(2) ನೋಟಿಸು. ಅದರಲ್ಲಿ 60 ದಿನ ಗಡುವು ಇರುತ್ತೆ. ಆ 60 ದಿನದೊಳಗೆ ನೀವು ಬ್ಯಾಂಕಿಗೆ ಆಕ್ಷೇಪಣೆ ಬರೆದುಕೊಟ್ಟರೆ, ಅದನ್ನ ಒಪ್ಪದಿದ್ದಲ್ಲಿ 15 ದಿನದಲ್ಲಿ ಕಾರಣ ಸಹಿತ ಉತ್ತರ ಕೊಡಬೇಕು. ಎರಡನೇ ಮೆಟ್ಟಿಲು ಸ್ವಾಧೀನದ ನೋಟಿಸು. ಅದರ ವಿರುದ್ಧ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ನಮ್ಮ ಕಡೆಯವರಿಗೆ ಅದು ಬೆಂಗಳೂರಿನಲ್ಲಿದೆ. ಮೂರನೆಯದು ಮಾರಾಟದ ಪ್ರಕಟಣೆ.

ಇಲ್ಲೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಮೊದಲು ಹರಾಜು ಮುಗಿದು ಆಸ್ತಿ ಕೈ ಬದಲಾಗೋವರೆಗೂ ಬಾಕಿ ಕಟ್ಟಿ ಬಿಡಿಸಿಕೊಳ್ಳೋಕೆ ಆಗ್ತಿತ್ತು. 2016ರ ತಿದ್ದುಪಡಿಯಲ್ಲಿ ಅದನ್ನ ಮಾರಾಟದ ಪ್ರಕಟಣೆ ಹೊರಬೀಳೋ ದಿನಕ್ಕೆ ನಿಲ್ಲಿಸಿದ್ರು. 2023ರಲ್ಲಿ ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿ ಮಾಡಿ ಹೇಳಿದೆ. ಅಂದ್ರೆ ನನ್ನ ಅಳಿಯ ಪೇಪರ್ ಫೋಟೋ ತೆಗೆದು ಕಳಿಸಿದನಲ್ಲ, ಆ ಪೇಪರು ಅಚ್ಚಾದ ದಿನವೇ ನನ್ನ ಗೆಳೆಯನ ಹಕ್ಕು ಮುಗಿದಿತ್ತು. ದೇವರ ಪಟದ ಹಿಂದೆ ಅವರಿಗೇ ಗೊತ್ತಿಲ್ಲದ ಹಾಗೆ ದಿನಗಳು ಕಳೆದುಹೋಗಿದ್ದವು.

ಮಾರನೇ ದಿನ ಬ್ಯಾಂಕಿಗೆ ಹೋಗಿ ಕೇಳಿದ್ವಿ. ಒಂದೇ ಸಲಕ್ಕೆ ಪೂರ್ತಿ ಬಾಕಿ ತರೋಕೆ ಇವನ ಹತ್ರ ದುಡ್ಡಿಲ್ಲ, ಕಂತು ಕಟ್ತೀನಿ ಅಂದ್ರೆ ಅವರಿಗೆ ಆಗಲ್ಲ. ಹೊರಗೆ ಬಂದು ಟೀ ಅಂಗಡಿ ಹತ್ರ ನಿಂತ್ವಿ. ಆಗ ನಾನು ಅಳಿಯನ ವಿಷಯ ಹೇಳಿಬಿಟ್ಟೆ. ಮುಚ್ಚಿಟ್ಟರೆ ತಪ್ಪಾಗುತ್ತೆ ಅನ್ನಿಸ್ತು. "ಅವ್ನು ತಗೋಬೇಕು ಅಂತಿದ್ದ, ನಾನು ಬೇಡ ಅಂತೀನಿ ಬುಡು" ಅಂದೆ.

ಅವನು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ: "ಯಾಕ್ಲಾ ಬೇಡ ಅಂತೀಯ? ಕೂಗ್ಸು. ಯಾರೂ ಕೂಗ್ನಿಲ್ಲ ಅಂದ್ರೆ ಮನೆ ಉಳೀತದಾ? ಮುಂದಿನ್ ಸಲ ರೇಟ್ ಇಳ್ಸಿ ಯಾವನಿಗೋ ಕೊಡ್ತಾರೆ. ಬಡ್ಡಿ ನನ್ ತಲೆ ಮ್ಯಾಲೇ ಏರ್ತದೆ."

ನಾನು ಇಷ್ಟು ವರ್ಷ ಈ ಕೆಲಸದಲ್ಲಿದ್ದೂ ಹಾಗೆ ಯೋಚನೆ ಮಾಡಿರಲಿಲ್ಲ. ಅವನು ಹೇಳಿದ್ದು ಕಾನೂನಿನ ಪ್ರಕಾರವೂ ಸರಿ. ಹರಾಜಿನಲ್ಲಿ ಬಂದ ದುಡ್ಡು ಮೊದಲು ಖರ್ಚಿಗೆ, ಆಮೇಲೆ ಸಾಲಕ್ಕೆ ಹೋಗಿ, ಮಿಕ್ಕಿದ್ದು ಸಾಲಗಾರನಿಗೇ ಬರಬೇಕು. ಸಾಲಕ್ಕೆ ಸಾಲದೆ ಹೋದ್ರೆ ಉಳಿದ ಬಾಕಿಗೆ ಬ್ಯಾಂಕು ಮತ್ತೆ ಅವನ ಹಿಂದೆಯೇ ಬರುತ್ತೆ. ಹರಾಜಿನಲ್ಲಿ ಅಗ್ಗಕ್ಕೆ ಹೊಡ್ಕೊಂಡೆ ಅಂತ ನಾವು ಮೀಸೆ ತಿರುವೋ ದುಡ್ಡು ಬ್ಯಾಂಕಿನ ಜೇಬಿಂದ ಬಂದಿದ್ದಲ್ಲ. ಸಾಮಾನ್ಯವಾಗಿ ಅದು ಆ ಮನೆಯವನ ಜೇಬಿಂದಲೇ ಬಂದಿರುತ್ತೆ.

ಅಳಿಯನಿಗೆ ಫೋನ್ ಮಾಡಿದೆ. "ಎಂಟು ಲಕ್ಷ ಲಾಭ ಅನ್ನೋದನ್ನ ಮರೆತುಬಿಡು. ನಿಮ್ಮಮ್ಮ ಊರಿಗೆ ವಾಪಸ್ ಬರಬೇಕು ಅಂತಾಳಲ್ಲ, ಅವಳಿಗೆ ಮನೆ ಅಂತ ತಗೊಳ್ಳೋದಾದ್ರೆ ಲೆಕ್ಕ ಹಾಕೋಣ" ಅಂದೆ. ಅವನಿಗೆ ಸಿಟ್ಟು ಬಂತು. "ಇನ್ವೆಸ್ಟ್‌ಮೆಂಟ್ ಮಧ್ಯೆ ಸೆಂಟಿಮೆಂಟ್ ತರಬೇಡ ಮಾವ" ಅಂದ. ನಾನು ಹೇಳಿದೆ: "ಸೆಂಟಿಮೆಂಟ್ ಅಲ್ಲ ಕಣಪ್ಪ. ಮನೆಯೊಳಗೆ ಇರೋರು ಯಾರು ಅಂತ ತಿಳ್ಕೊಳ್ಳದೆ ಹರಾಜು ಕೂಗಿ ನಾನೇ ಕೈ ಸುಟ್ಕೊಂಡಿದೀನಿ."

ಅದನ್ನೂ ಹೇಳ್ತೀನಿ. 2014ರಲ್ಲಿ ಮಂಡ್ಯದಲ್ಲೇ ಒಂದು ಹರಾಜಿನ ಮನೆ ಕೂಗಿದೆ. ಕಾಗದ ಓದೋದೇ ನನ್ನ ಕಸುಬು, ಎಲ್ಲಾ ಸರಿಯಾಗಿದೆ ಅಂತ ಜಂಬ. ಪ್ರಕಟಣೆಯಲ್ಲಿ "ಸಾಂಕೇತಿಕ ಸ್ವಾಧೀನ" ಅಂತ ಎರಡು ಪದ ಇತ್ತು. ಅಂದ್ರೆ ಬ್ಯಾಂಕು ನೋಟಿಸು ಅಂಟಿಸಿದೆ ಅಷ್ಟೇ, ಬೀಗದ ಕೈ ಅವರ ಹತ್ರ ಇಲ್ಲ. ಒಳಗೆ ಭೋಗ್ಯಕ್ಕಿದ್ದ ಸಂಸಾರ ಇತ್ತು. ಮನೆ ಓನರ್‌ಗೆ ಮೂರು ಲಕ್ಷ ಕೊಟ್ಟು ಕೂತಿದ್ರು. "ನಮ್ಮ ಭೋಗ್ಯದ ದುಡ್ಡು ಯಾರು ಕೊಡ್ತೀರ? ಕೊಟ್ರೆ ಹೋಗ್ತೀವಿ" ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಅವರ ದುಡ್ಡೂ ಹೋಗಿತ್ತು. ಇಂಥ ಕಡೆ ಬ್ಯಾಂಕು ಕಲಂ 14ರಲ್ಲಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಿ ಪೊಲೀಸ್ ನೆರವಿಂದ ಮನೆ ಬಿಡಿಸಬೇಕು. ಅರ್ಜಿ ಕಾಗದ ಅಲ್ಲಿಂದಿಲ್ಲಿಗೆ ತಿರುಗೋದರಲ್ಲಿ ಎರಡು ವರ್ಷ ಹೋಯ್ತು. ಕೊನೆಗೆ ಭೋಗ್ಯದ ದುಡ್ಡಲ್ಲಿ ಅರ್ಧ ನಾನೇ ಕೊಟ್ಟು ಕೀ ತಗೊಂಡೆ. ಪೂರ್ತಿ ದುಡ್ಡು ಕಟ್ಟಿ, ಎರಡು ವರ್ಷ ಬಾಡಿಗೆ ಮನೆಯಲ್ಲೇ ಇದ್ದೆ.

ಅದಕ್ಕೇ ಈ ಸಲ ಎಲ್ಲವನ್ನೂ ಒಂದೊಂದಾಗಿ ನೋಡಿದ್ವಿ.

ಮೊದಲನೆಯದು ಹಕ್ಕು. ಹಳ್ಳಿ ಮನೆ ಅಂದ್ಮೇಲೆ ಪಿತ್ರಾರ್ಜಿತವೇ ಜಾಸ್ತಿ. 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನ ಇನ್ನೂ ಸ್ಪಷ್ಟ ಮಾಡಿದೆ. ಅಣ್ಣ ಒಬ್ಬನೇ ಸಹಿ ಹಾಕಿ ಅಡ ಇಟ್ಟಿದ್ರೆ, ನಾಳೆ ತಂಗಿ ಪಾಲಿನ ದಾವೆ ಹಾಕಿದಾಗ ಕೋರ್ಟಿಗೆ ಅಲೆಯೋರು ಹರಾಜಿನಲ್ಲಿ ತಗೊಂಡವರು. ನನ್ನ ಗೆಳೆಯನ ತಂಗಿಯರಿಬ್ಬರೂ ಹಕ್ಕು ಖುಲಾಸೆ ಪತ್ರ ಮಾಡಿಕೊಟ್ಟಿದ್ರು. ಅದನ್ನ ಬರೆದಿದ್ದವನು ನಾನೇ, ಹಾಗಾಗಿ ಧೈರ್ಯ ಇತ್ತು.

ಎರಡನೆಯದು ಪಂಚಾಯ್ತಿ ಕಾಗದ. ಇ-ಸ್ವತ್ತಿನಲ್ಲಿ ನಮೂನೆ 9, ನಮೂನೆ 11ಎ ಇದೆಯಾ ನೋಡಿ. 11ಬಿ ಅಂದ್ರೆ ಕ್ರಮಬದ್ಧವಾಗಿ ಅನುಮೋದನೆ ಆಗದ ಸ್ವತ್ತು ಅಂತ ಅರ್ಥ, ಎಚ್ಚರಿಕೆ ಬೇಕು. ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ, ಅಂದ್ರೆ ಇಸಿ ತೆಗೆಸಿ. ಇಸಿಯಲ್ಲಿ ನೋಂದಣಿ ಆಗಿದ್ದು ಮಾತ್ರ ಕಾಣುತ್ತೆ. ಬಾಯಿಮಾತಿನ ಭೋಗ್ಯ, ನೋಂದಣಿ ಆಗದ ಪಾಲುಪಟ್ಟಿ ಅದರಲ್ಲಿ ಬರಲ್ಲ. ಅವು ಗೊತ್ತಾಗೋದು ಅಕ್ಕಪಕ್ಕದ ಮನೆಯವರ ಹತ್ರ ಕೂತು ಮಾತಾಡಿದಾಗ.

ಮೂರನೆಯದು ಜಮೀನಿನ ಮಾತು. ಕೃಷಿ ಜಮೀನಿಗೆ ಸರ್ಫೇಸಿ ಕಾಯ್ದೆಯೇ ಅನ್ವಯ ಆಗಲ್ಲ, ಕಲಂ 31ರಲ್ಲಿ ಹಾಗಂತ ಇದೆ. ಅದಕ್ಕೆ ಸಿವಿಲ್ ಕೋರ್ಟು, ನ್ಯಾಯಮಂಡಳಿ, ಸಹಕಾರ ಸಂಘಗಳ ಕಾಯ್ದೆ ಅಂತ ಬೇರೆ ದಾರಿಗಳಿವೆ. ಹಾಗಂತ ಪಹಣಿಯಲ್ಲಿ ಖುಷ್ಕಿ ಅಂತ ಇದ್ರೆ ಸಾಕಾ? ಸಾಲದು. ನಿಜವಾಗಿ ಅಲ್ಲಿ ಬೇಸಾಯ ನಡೀತಿದೆಯಾ ಅನ್ನೋದನ್ನೂ ನೋಡ್ಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಂದ್ರೆ ಅಂಥ ಜಾಗದ ಹರಾಜು ಅಂದ್ರೆ ತಕರಾರು ಜೊತೆಯಲ್ಲೇ ಬರಬಹುದು. ಇನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. 2023ರ ತಿದ್ದುಪಡಿ ಆದಮೇಲೆ ಎಷ್ಟು ವರ್ಷ ಕಳೆದಿದ್ರೂ ಮೂಲ ಮಂಜೂರುದಾರರ ಕಡೆಯವರು ಅರ್ಜಿ ಹಾಕಬಹುದು. ಮೂಲ ಮಂಜೂರಾತಿ ನೋಡದೆ ಆ ಕಡೆ ತಲೆ ಹಾಕಬೇಡಿ.

ನಾಲ್ಕನೆಯದು ದುಡ್ಡಿನ ಗಡುವು. ಹರಾಜು ಅಂದ್ರೆ ಈಗ ತಮಟೆ ಹೊಡೆದು ಕೂಗೋದಲ್ಲ, ಆನ್‌ಲೈನಿನಲ್ಲಿ ನಡೆಯುತ್ತೆ. ಸರ್ಕಾರಿ ಬ್ಯಾಂಕುಗಳ ಆಸ್ತಿಗೆ ಬ್ಯಾಂಕ್‌ನೆಟ್ ಅನ್ನೋ ತಾಣ ಇದೆ. ಮುಂಗಡ ಠೇವಣಿಯನ್ನ ಪ್ರಕಟಣೆಯಲ್ಲಿರೋ ಖಾತೆಗೆ ಮಾತ್ರ ಕಟ್ಟಿ. "ನಾನು ಮಾತಾಡಿ ಕೊಡಿಸ್ತೀನಿ" ಅಂತ ಬರೋ ಮಧ್ಯವರ್ತಿ ಕೈಗೆ ಒಂದು ರೂಪಾಯಿಯೂ ಬೇಡ. ಹರಾಜು ನಿಮ್ಮ ಹೆಸರಿಗೆ ನಿಂತರೆ ಅವತ್ತು ಅಥವಾ ಮಾರನೇ ಕೆಲಸದ ದಿನ ಶೇ 25ರಷ್ಟು ಕಟ್ಟಬೇಕು, ಠೇವಣಿ ಅದರಲ್ಲಿ ಸೇರುತ್ತೆ. ಉಳಿದ ಶೇ 75ರಷ್ಟನ್ನ ಮಾರಾಟ ಖಚಿತವಾದ 15 ದಿನದೊಳಗೆ ಕಟ್ಟಬೇಕು. ಬ್ಯಾಂಕು ಬರವಣಿಗೆಯಲ್ಲಿ ಒಪ್ಪಿದ್ರೆ ಗರಿಷ್ಠ ಮೂರು ತಿಂಗಳು. ಕಟ್ಟದಿದ್ರೆ ಆ ಶೇ 25 ಪೂರ್ತಿ ಮುಟ್ಟುಗೋಲು. ಇದು ಅನ್ಯಾಯ ಅಂತ ಹೋದವರಿಗೆ 2024ರಲ್ಲಿ ಸುಪ್ರೀಂ ಕೋರ್ಟು, ನಿಯಮ ಇರೋದೇ ಹಾಗೆ ಅಂದಿದೆ. "ಹರಾಜು ಆಗಲಿ, ಆಮೇಲೆ ಲೋನ್ ಮಾಡಿದ್ರಾಯ್ತು" ಅಂತ ಧೈರ್ಯ ಮಾಡೋರು ಇದನ್ನ ಎರಡು ಸಲ ಕೇಳಿಸಿಕೊಳ್ಳಿ.

ಐದನೆಯದು ಹಳೇ ಬಾಕಿ. ಪ್ರಕಟಣೆಯಲ್ಲಿ "ಎಲ್ಲಿದೆಯೋ ಹಾಗೆ, ಏನಿದೆಯೋ ಹಾಗೆ" ಅಂತ ಇರುತ್ತೆ. ಅದು ಸುಮ್ಮನೆ ಬರೆದಿದ್ದಲ್ಲ. ಹಳೇ ಮಾಲೀಕನ ಕರೆಂಟ್ ಬಿಲ್ ಬಾಕಿಯನ್ನ ಹರಾಜಿನಲ್ಲಿ ಕೊಂಡವರಿಂದ ಕೇಳಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪಂಚಾಯ್ತಿ ಕಂದಾಯವನ್ನೂ ಕೇಳಿ ತಿಳ್ಕೊಳ್ಳಿ.

ಇಷ್ಟೆಲ್ಲ ಆದಮೇಲೆ ಅಳಿಯ ಕೂಗಿದ. ಇನ್ನಿಬ್ಬರು ಇದ್ರು. 19 ಲಕ್ಷ 20 ಸಾವಿರಕ್ಕೆ ಇವನ ಹೆಸರಿಗೆ ನಿಂತಿತು. ಮೊದಲೇ ಕಟ್ಟಿದ್ದ 1 ಲಕ್ಷ 60 ಸಾವಿರ ಠೇವಣಿ ಕಳೆದು 3 ಲಕ್ಷ 20 ಸಾವಿರವನ್ನ ಮಾರನೇ ದಿನ, ಉಳಿದ 14 ಲಕ್ಷ 40 ಸಾವಿರವನ್ನ ಹದಿನೈದು ದಿನದಲ್ಲಿ ಕಟ್ಟಿದ. ಮುದ್ರಾಂಕ ಶುಲ್ಕ, ಸೆಸ್ಸು, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿರೋ ನೋಂದಣಿ ಶುಲ್ಕ, ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಹೋಯ್ತು. ವಕೀಲರು, ಕರೆಂಟು, ಕಂದಾಯ ಅಂತ ಇಪ್ಪತ್ತೈದು ಸಾವಿರ. ಸೋರ್ತಿದ್ದ ತಾರಸಿ, ಹಳೇ ವೈರಿಂಗು ಅಂತ ಒಂದು ಲಕ್ಷದ ಹತ್ತು ಸಾವಿರ. ಕೂಡಿ ನೋಡಿದ್ರೆ 22 ಲಕ್ಷ ದಾಟಿತು. ಅದೇ ಬೀದಿಯಲ್ಲಿ ಇನ್ನೊಂದು ಮನೆ ಮಾರಾಟ ಆದ ರೇಟು ವಿಚಾರಿಸಿದೆ, ಇಪ್ಪತ್ತೆರಡೂವರೆ. "24 ಇದೆಯಂತೆ" ಅನ್ನೋದರಲ್ಲಿ ಆ "ಅಂತೆ"ಗೇ ಒಂದೂವರೆ ಲಕ್ಷ ಹೋಗಿತ್ತು. ಎಂಟು ಲಕ್ಷದ ಲಾಭ ಐವತ್ತು ಸಾವಿರಕ್ಕೂ ಕೆಳಗೆ ಬಂತು.

ಆ ಕಡೆ ಬಾಕಿ, ಬಡ್ಡಿ, ಖರ್ಚು ಎಲ್ಲ ಸೇರಿ 17 ಲಕ್ಷ 85 ಸಾವಿರ ಇತ್ತು. ಸಾಲ ತೀರಿ 1 ಲಕ್ಷ 35 ಸಾವಿರ ನನ್ನ ಗೆಳೆಯನ ಖಾತೆಗೆ ವಾಪಸ್ ಬಂತು. ಅದು ತಾನಾಗೇ ಬರಲಿಲ್ಲ, ಅರ್ಜಿ ಬರೆದುಕೊಟ್ಟು ಎರಡು ಸಲ ಓಡಾಡಿದ್ವಿ. ಮಿಕ್ಕ ದುಡ್ಡು ನಮಗೆ ಬರಬೇಕು ಅಂತಲೇ ಎಷ್ಟೋ ಜನಕ್ಕೆ ಗೊತ್ತಿರಲ್ಲ.

ಮನೆ ಬಿಡೋ ದಿನದ ಬಗ್ಗೆ ದೇವಸ್ಥಾನದ ಹತ್ರ ಕೂತು ಮಾತಾಡಿಕೊಂಡ್ವಿ. ಅಳಿಯ ಯುಗಾದಿವರೆಗೂ ಇರಿ ಅಂದ. ಅವರು ಹಬ್ಬಕ್ಕೆ ಒಂದು ವಾರ ಮೊದಲೇ ಖಾಲಿ ಮಾಡಿ, ಕಸ ಗುಡಿಸಿ, ಕೀ ಕೊಟ್ಟರು. ಪೊಲೀಸು, ಜಿಲ್ಲಾಧಿಕಾರಿ ಕಚೇರಿ ಯಾವುದೂ ಬೇಕಾಗಲಿಲ್ಲ. ನನ್ನ ಮನೆಗೆ ಹಿಡಿದ ಎರಡು ವರ್ಷಕ್ಕೆ ಇದನ್ನ ಹೋಲಿಸಿ ನೋಡಿ. ಹುಡುಗನಿಗೆ ಉಳಿದ ನಿಜವಾದ ಲಾಭ ಅದು.

ಎಲ್ಲ ಸುಖವಾಯ್ತು ಅಂತ ಹೇಳಲ್ಲ. ನನ್ನ ಗೆಳೆಯ ಈಗ ಮಂಡ್ಯದಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ, ಬೇರೆಯವರ ಆಲೆಮನೆಯಲ್ಲಿ ಬೆಲ್ಲ ಇಳಿಸ್ತಾನೆ. ಊರ ಹಬ್ಬಕ್ಕೆ ಬಂದಾಗ ಆ ಬೀದಿಗೆ ಕಾಲಿಡಲಿಲ್ಲ. ನಮ್ಮಕ್ಕ ಹಿತ್ತಿಲ ತೆಂಗಿನ ಮರದ ಹತ್ತು ಕಾಯಿ ಕಳಿಸಿದ್ಲು. ಅವನ ಹೆಂಡತಿ ತಗೊಂಡರು. ಅವನು ಮಾತಾಡಲಿಲ್ಲ.

ಸಾಲ ಮಾಡಿರೋರಿಗೆ ಒಂದು ಮಾತು. ಲಕೋಟೆ ಬಂದ ದಿನವೇ ಒಡೀರಿ. ಓದೋಕೆ ಬರದಿದ್ರೆ ಓದಿಸಿ. ಮಂಡ್ಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಪುಕ್ಕಟೆ ವಕೀಲರ ನೆರವು ಸಿಗುತ್ತೆ. ಆ 60 ದಿನದೊಳಗೆ ಒಂದೇ ಸಲದ ತೀರುವಳಿ ಕೇಳಬಹುದು, ಕಂತು ಮರುಹೊಂದಿಕೆ ಕೇಳಬಹುದು, ಇಲ್ಲಾ ನೀವೇ ಒಳ್ಳೇ ರೇಟಿಗೆ ಗಿರಾಕಿ ಹುಡುಕಿ, ಬ್ಯಾಂಕಿನ ಒಪ್ಪಿಗೆ ತಗೊಂಡು ಮಾರಬಹುದು. ಪೇಪರಿನಲ್ಲಿ ಬಂದಮೇಲೆ ಆ ಬಾಗಿಲುಗಳು ಮುಚ್ಚುತ್ತಾ ಹೋಗ್ತವೆ.

ಕೊಳ್ಳೋರಿಗೆ, ಕೂಗಬೇಡಿ ಅಂತ ನಾನು ಹೇಳಲ್ಲ. ನನ್ನ ಗೆಳೆಯನೇ ಕೂಗ್ಸು ಅಂದನಲ್ಲ. ಆದ್ರೆ ಕಾಗದ ನೋಡಿದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಆ ಊರಿಗೆ ಹೋಗಿ. ಆ ಮನೆ ಮುಂದೆ ನಿಂತು, "ನಾನು ಹರಾಜಿಗೆ ಬರ್ತಿದೀನಿ" ಅಂತ ಹೆಸರು ಹೇಳಿ. ಒಳಗಿಂದ ಯಾರು ಬರ್ತಾರೆ, ಏನಂತಾರೆ ಅನ್ನೋದನ್ನ ಕೇಳಿಸಿಕೊಂಡು, ಆಮೇಲೆ ಎಷ್ಟಕ್ಕೆ ಕೂಗಬೇಕು ಅಂತ ತೀರ್ಮಾನ ಮಾಡಿ.